ಕಲ್ಲುರಟ್ಟಿನ ಪುಸ್ತಕ

ನಮ್ಮೂರಿನಲ್ಲಿ ಬರವಣಿಗೆ ಚೆನ್ನಾಗಿದ್ದರೆ ಕಾಗದ ಕೆಳಗೆ ನಿಲ್ಲುವುದಿಲ್ಲ. ಶಾಯಿ ಒಣಗುವವರೆಗೆ ಸುಮ್ಮನಿರುತ್ತದೆ, ಒಣಗಿದ ಮೇಲೆ ಒಂದು ಮೂಲೆ ಎತ್ತುತ್ತದೆ, ಆಮೇಲೆ ಎದ್ದು ಹೊರಡುತ್ತದೆ. ಕಿಟಕಿ ತೆಗೆದಿದ್ದರೆ ಮುಗಿಯಿತು, ಮತ್ತೆ ಸಿಗುವ ಮಾತಿಲ್ಲ. ಪುರಸಭೆಯ ನೋಟೀಸು ನಮ್ಮೂರಿನಲ್ಲಿ ಯಾವತ್ತೂ ಕಳೆದುಹೋದದ್ದಿಲ್ಲ. ಬೆಳಗಿನ ಪೇಪರು ಹಾಕಿದಲ್ಲೇ ಬಿದ್ದಿರುತ್ತದೆ, ಆಷಾಢದ ಗಾಳಿಗೂ ಜಪ್ಪಯ್ಯ ಅನ್ನುವುದಿಲ್ಲ. ಪ್ರೇಮಪತ್ರ ಬರೆಯುವವರು ಮಾತ್ರ ಅರ್ಧ ಇಟ್ಟಿಗೆ ಕಟ್ಟಿ ಕಳಿಸುತ್ತಾರೆ. ಹುಡುಗಿ ದಾರ ಬಿಚ್ಚಿ ನೋಡುತ್ತಾಳೆ. ಕಾಗದ ಬಿದ್ದಲ್ಲೇ ಬಿದ್ದಿದ್ದರೆ ಇಟ್ಟಿಗೆಯನ್ನಷ್ಟೇ ವಾಪಸು ಕಳಿಸುತ್ತಾಳೆ, ಹುಡುಗ ಅರ್ಥ ಮಾಡಿಕೊಳ್ಳುತ್ತಾನೆ. ಒಮ್ಮೆ ದರ್ಜಿ ಮಸ್ತಾನ ಸಾಹೇಬರು ಅಂಗಡಿ ಬಾಗಿಲಿಗೆ 'ಊಟಕ್ಕೆ ಹೋಗಿದೀನಿ, ಬೈಕೋಬೇಡಿ, ಇವತ್ತು ಮನೇಲಿ ಮೀನು' ಎಂದು ಚೀಟಿ ಬರೆದು ಮೊಳೆ ಹೊಡೆದಿದ್ದರು. ಅದು ಮೊಳೆ ಕಿತ್ತುಕೊಂಡು ಹಾರಿಹೋಯಿತು. ಇನ್ನೊಂದು ಮೊಳೆ ಹೊಡೆಯಬೇಕಿತ್ತು ಎಂದು ಜನ ಅವರಿಗೇ ಬೈದರು, ಕವಿ ಎಂದು ಯಾರೂ ಅನ್ನಲಿಲ್ಲ. ಯಾಕೆಂದರೆ ನಮ್ಮೂರಿಗೆ ಕವಿ ಆಗಲೇ ಇದ್ದರು.

ನಾನು ಕಲ್ಲುಕುಟಿಗರ ಮನೆಯವಳು, ಹೆಸರು ಮೌನಮ್ಮ. ಹೆಸರಿಟ್ಟಾಗ ನಾನಿನ್ನೂ ಮಾತು ಕಲಿತಿರಲಿಲ್ಲ, ಅಪ್ಪನ ತಪ್ಪೇನೂ ಇಲ್ಲ. ತಾತ ದೇವರನ್ನು ಕೆತ್ತಿದ, ಅಪ್ಪ ದೇವರ ಜೊತೆಗೆ ಒರಳುಕಲ್ಲನ್ನೂ ಕೆತ್ತಿದ. ನನ್ನ ಕಾಲಕ್ಕೆ ಊರಿನಲ್ಲಿ ದೇವರುಗಳು ಸಾಕಷ್ಟಾಗಿದ್ದವು, ಒರಳಿನ ಕೆಲಸವನ್ನು ಕರೆಂಟು ವಹಿಸಿಕೊಂಡಿತ್ತು. ನನಗೆ ಉಳಿದದ್ದು ಹಾಳೆಗಲ್ಲು, ಅಂದರೆ ಬರೆದ ಹಾಳೆಯ ಮೇಲೆ ಹೇರುವ ಕಲ್ಲು. ಆಮೆ, ಮಲಗಿದ ನಾಯಿ, ಕೂತ ಆನೆ, ಯಾರಿಗೆ ಏನು ಬೇಕೋ ಅದು. ಬರೆಯಲು ಬಾರದವರೇ ದೊಡ್ಡ ಕಲ್ಲು ಕೊಳ್ಳುತ್ತಾರೆ. ಹಜಾರದ ಮೇಜಿನ ಮೇಲೆ ಆನೆ, ಆನೆಯ ಕೆಳಗೆ ಮಡಿಸಿದ ಕಾಗದ. ಬಂದವರು ಕಂಡು 'ಓಹೋ, ನೀವೂ ಬರೀತೀರಾ?' ಅನ್ನಬೇಕು, ಮನೆಯವರು 'ಏನೋ ಹಿಂಗೇ' ಎಂದು ನಾಚಿಕೊಳ್ಳಬೇಕು. ತೆಗೆದು ನೋಡಿದರೆ ಕಿರಾಣಿ ಚೀಟಿ. ನನಗೇನು ಹೋಗಬೇಕು, ಆನೆ ಮಾರಿದರೆ ಸಾಕು.

ನನ್ನ ಆನೆಗಳಲ್ಲೆಲ್ಲ ದೊಡ್ಡದನ್ನು ಕೊಂಡವರು ಕವಿ ಉದ್ದಾನಯ್ಯನವರು. ಚೌಕಾಸಿ ಮಾಡದೆ ಕೊಂಡವರೂ ಅವರೊಬ್ಬರೇ, ಆ ಋಣ ನನಗಿದೆ. ಊರೆಲ್ಲ ಅವರನ್ನು ಮಹಾಕವಿ ಎನ್ನುತ್ತಿತ್ತು. ಆದರೆ ಅವರ ಒಂದು ಸಾಲನ್ನೂ ಯಾರೂ ಓದಿರಲಿಲ್ಲ. ಓದಲು ಉಳಿದಿದ್ದರೆ ತಾನೆ? ಮದುವೆ ಮನೆಯಲ್ಲಿ ಎಲೆ ಮುಂದೆ ಕೂತು ಅವರು ನಿಟ್ಟುಸಿರು ಬಿಡುತ್ತಿದ್ದರು. 'ನಿನ್ನೆ ಬರೆದದ್ದು ಗವಾಕ್ಷಿಯಿಂದಲೇ ಹೋಯ್ತು ಕಣ್ರಯ್ಯ. ಕೆರೆ ದಾಟಿದ್ದನ್ನ ಕಣ್ಣಾರೆ ನೋಡಿದೆ.' ಸುತ್ತ ಕೂತವರು ಅಯ್ಯೋ ಎಂದು ಲೊಚಗುಟ್ಟುತ್ತಿದ್ದರು, ಬಡಿಸುವವರು ಅವರಿಗೆ ಇನ್ನೊಂದು ಹೋಳಿಗೆ ಹಾಕುತ್ತಿದ್ದರು. ಮನೆಗೆ ಯಾರಾದರೂ ಬಂದರೆ ಅವರ ಹೆಂಡತಿ ನೀಲವ್ವ ಕಿಟಕಿ ತೆಗೆದು ಆಕಾಶ ನೋಡಿ 'ಈಗ ತಾನೇ...' ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಮನೆಯಲ್ಲಿ ಒಂದೂ ಪದ್ಯ ಇಲ್ಲದಿರುವುದೇ ಅವರು ಮಹಾಕವಿ ಅನ್ನುವುದಕ್ಕೆ ಸಾಕ್ಷಿ. ಈ ವಾದಕ್ಕೆ ಎದುರು ವಾದ ಹೂಡಲು ಯಾರಿಂದಲೂ ಆಗಲಿಲ್ಲ. ವರ್ಷ ವರ್ಷ ಶಾಲು ಹೊದಿಸಿದರು. ಬೀರು ತುಂಬಿ ಶಾಲುಗಳು ಮಂಚದ ಕೆಳಗೆ ಬಂದವು.

ಅವರಿಗೆ ಅರವತ್ತು ತುಂಬಿದಾಗ ಎಡವಟ್ಟಾಯಿತು. ಪುರಸಭೆ ಅಧ್ಯಕ್ಷ ಪಂಪಣ್ಣನಿಗೆ ಊರಿಗೆ ಏನಾದರೂ ಶಾಶ್ವತವಾದದ್ದು ಮಾಡಬೇಕೆಂಬ ಚಪಲ. ಅಭಿನಂದನಾ ಸಭೆಯಲ್ಲಿ ಮೈಕು ಹಿಡಿದು ಘೋಷಿಸಿಬಿಟ್ಟ. 'ಇನ್ಮೇಲೆ ನಮ್ಮ ಕವಿಗಳ ಪದ್ಯ ಆಕಾಶದ ಪಾಲಾಗಬಾರದು. ಕೈಯಲ್ಲೇ ಮಾಡಿದ ಪುಸ್ತಕ, ಒಂದೇ ಒಂದು ಪ್ರತಿ. ರಟ್ಟು ಕಲ್ಲಿನದು, ಅದಕ್ಕೊಂದು ಕೊಂಡಿ, ಮೌನಮ್ಮ ಕೆತ್ತುತ್ತಾಳೆ. ದೀಪಾವಳಿ ಆದ ಮೇಲೆ ಪುರಭವನದಲ್ಲಿ ಎಲ್ಲರ ಎದುರಿಗೆ ಕೊಂಡಿ ತೆಗೆಯೋಣ. ಹಾಳೆಗಳು ಹೆಂಗೆ ಏಳ್ತವೆ ಅನ್ನೋದನ್ನ ಊರೇ ನೋಡ್ಲಿ!' ಜನ ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲೆ ಕೂತಿದ್ದ ಉದ್ದಾನಯ್ಯನವರು ನಗುತ್ತಲೇ ಇದ್ದರು, ಆದರೆ ಅವರ ಮುಖ ಬಿಳಿಚಿಕೊಂಡದ್ದನ್ನು ಮುಂದಿನ ಸಾಲಿನಲ್ಲಿ ಕೂತ ನಾನು ನೋಡಿದೆ. ಸಂತೋಷ ಜಾಸ್ತಿಯಾಯಿತೇನೋ ಅಂದುಕೊಂಡೆ.

ಮುಂಗಾರು ಹಿಡಿದ ಮೇಲೆ ಒಂದು ಮಧ್ಯಾಹ್ನ ಅವರು ನನ್ನ ಕೊಟ್ಟಿಗೆಗೆ ಬಂದರು. ಕೊಟ್ಟಿಗೆ ಎಂದರೆ ನಾನು ಕಲ್ಲು ಕೆಲಸ ಮಾಡುವ ಹೆಂಚಿನ ಮನೆ. ಬಗಲಲ್ಲಿ ತಗಡಿನ ಪೆಟ್ಟಿಗೆ, ಪೆಟ್ಟಿಗೆಗೆ ಬಾವಿಹಗ್ಗ, ಹಗ್ಗಕ್ಕೆ ಬೀಗ. 'ಬಾಗಿಲು ಹಾಕು, ಕಿಟಕಿ ಹಾಕು' ಎಂದರು. ಹಾಕಿದೆ. ಬೀಗ ತೆಗೆದು, ಹಗ್ಗ ಬಿಚ್ಚಿ, ಮುಚ್ಚಳವನ್ನು ಬೆರಳಷ್ಟು ಎತ್ತಿ, ಒಳಗೆ ಕೈ ತೂರಿಸಿ ಒಂದು ಹಾಳೆ ತೆಗೆದು ಗಬಕ್ಕನೆ ನನ್ನ ಆಮೆಯ ಕೆಳಗಿಟ್ಟರು. 'ಹುಷಾರು, ಇದು ಬಲು ಚುರುಕು' ಎಂದರು. ಹಾಳೆಯ ಅಳತೆ ತೆಗೆಯದೆ ರಟ್ಟು ಕೊಯ್ಯುವುದು ಹೇಗೆ? ಆಮೆಯನ್ನು ಪಕ್ಕಕ್ಕೆ ಸರಿಸಿದೆ. ಹಾಳೆ ಮಲಗಿತ್ತು. ನಾನು ಕಾದೆ, ಅವರೂ ಕಾದರು. ಹಾಳೆ ಹಾಗೇ ಮಲಗಿತ್ತು. 'ಓ ಚಂದ್ರಮನೆ, ನಭೋಮಂಡಲದ ನಗಾರಿಯೆ' ಎಂದು ಶುರುವಾಗುವ ಪದ್ಯ ಅದು.

'ದಾರೀಲಿ ಸುಸ್ತಾಗಿದೆ' ಎಂದರು ಕವಿಗಳು. ಮಾರನೆಯ ದಿನ ಇನ್ನೊಂದು ತಂದರು, ಅದೂ ಮಲಗಿತು. 'ಥಂಡಿ ಹವಾ' ಎಂದರು. ಆಮೇಲಿನದಕ್ಕೆ 'ನಿನ್ನ ಕಲ್ಲುಪುಡಿ ಕೂತು ಭಾರ ಆಗಿದೆ' ಎಂದು ನನ್ನ ಮೇಲೇ ಹಾಕಿದರು. ಅವರು ನೀರು ಕುಡಿಯಲು ಹೊರಗೆ ಹೋದಾಗ ನಾನು ಹಾಳೆಯ ಕೆಳಗೆ ಬಾಯಿಟ್ಟು ಉಫ್ ಎಂದು ಊದಿದೆ. ಒದ್ದೆ ಟವಲ್ಲಿಗೂ ಅದಕ್ಕಿಂತ ಹುರುಪು ಇರುತ್ತದೆ. ತಲೆ ಎತ್ತಿದರೆ ಕವಿಗಳು ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ.

'ಎಷ್ಟು ದಿನದಿಂದ ಗೊತ್ತು ನಿನಗೆ?' ಎಂದರು.

'ಚಂದ್ರಮನಿಂದಲೇ ಗೊತ್ತಾಯ್ತು' ಎಂದೆ.

ಅವರು ಅರೆಕೆತ್ತಿದ ನಾಯಿಯ ಬೆನ್ನ ಮೇಲೆ ಕುಸಿದು ಕೂತರು. 'ಒಂದೂ ಹಾರಿಲ್ಲ ಮೌನಮ್ಮ. ಮೊದಲನೇ ಸಲ ಬರೆದಾಗ ಇಡೀ ದಿನ ಅದರ ಎದುರಿಗೆ ಕೂತಿದ್ದೆ. ಒಂದು ಮೂಲೆನಾದ್ರೂ ಎತ್ತಬಾರದಾ? ಎತ್ತಲಿಲ್ಲ. ಸಂಜೆ ಯಾರೋ ಬಂದು, ಎಲ್ಲಿ ಪದ್ಯ ಅಂದರು. ಹಾರಿಹೋಯ್ತು ಅಂದೆ. ಅಷ್ಟೇ ನಾನು ಮಾಡಿದ್ದು. ಮಿಕ್ಕಿದ್ದೆಲ್ಲ ಊರವರೇ ಮಾಡಿಕೊಂಡರು.' ಬರೆದದ್ದೆಲ್ಲ ಅಟ್ಟದ ಮೇಲೆ ಟ್ರಂಕಿನಲ್ಲಿತ್ತು, ಹಳೆಯ ಕೆಲವನ್ನು ನೀಲವ್ವ ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟಿದ್ದರು. 'ಕೊಂಡಿ ತೆಗೆದ ದಿನ ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜಾಗುತ್ತೆ. ಈ ವಯಸ್ಸಿನಲ್ಲಿ ಊರು ಬಿಟ್ಟು ಎಲ್ಲಿಗೆ ಹೋಗಲಿ? ತೆಗೆಯೋಕೇ ಬಾರದ ಹಾಗೆ ಒಂದು ಕೊಂಡಿ ಮಾಡಿಕೊಡು.'

'ಪಂಪಣ್ಣ ಸುತ್ತಿಗೆ ತರಿಸ್ತಾನೆ' ಎಂದೆ. ಅವರು ಮುಖ ಮುಚ್ಚಿಕೊಂಡರು. ನನಗೆ ನಿಜವಾಗಲೂ ಕನಿಕರವಾಯಿತು. ಆದರೆ ಕನಿಕರದ ಹಿಂದೆಯೇ ಇನ್ನೊಂದು ಬಂತು, ಅದನ್ನು ಕಿತಾಪತಿ ಎನ್ನದೆ ಬೇರೆ ಹೆಸರಿಲ್ಲ. 'ಹಾಳೆ ತಾನಾಗಿ ಏಳದಿದ್ರೆ ನಾವು ಏಳಿಸಿದರಾಯ್ತು ಬಿಡಿ' ಎಂದೆ. ಕವಿಗಳು ಮುಖದ ಮೇಲಿಂದ ಒಂದು ಕೈ ತೆಗೆದರು. 'ಹೆಂಗೆ?' ಎಂದರು.

ಬಿದಿರಿನ ಸೀಳು. ತೆಳ್ಳಗೆ ಸೀಳಿ, ನೆನೆಸಿ, ಬಾಗಿಸಿ, ಪುಸ್ತಕದ ಬೆನ್ನಿನೊಳಗೆ ಅಡಗಿಸಿಟ್ಟರೆ ಕೊಂಡಿ ಬಿಚ್ಚಿದ ಕೂಡಲೇ ಹಾಳೆಗಳು ಭರ್ರನೆ ಎದ್ದು ನಿಲ್ಲುತ್ತವೆ. ಹಾರಿಹೋಗುವುದಿಲ್ಲ ನಿಜ, ಆದರೆ ಹಾರಿಹೋಗದಂತೆ ಹೊಲಿದದ್ದೇ ಮೌನಮ್ಮನ ಹೆಚ್ಚುಗಾರಿಕೆ ಎಂದು ಹೇಳಬಹುದಲ್ಲ. ಅದನ್ನು ಕೇಳಿದ ಮೇಲೆ ಉದ್ದಾನಯ್ಯನವರ ಬಣ್ಣವೇ ಬದಲಾಯಿತು. ಪಂಚೆ ಎತ್ತಿ ಕಟ್ಟಿದರು. ಹಿತ್ತಿಲಿನ ಬಿದಿರು ಕಡಿದು ತಂದರು.

ಆ ಮಳೆಗಾಲವನ್ನು ನಾನು ಮರೆಯುವುದಿಲ್ಲ. ಪುಸ್ತಕಕ್ಕೆ ಹಾಳೆ ಬೇಕಿತ್ತು. ನೀಲವ್ವ ಸನ್ಮಾನದ ಶಾಲುಗಳನ್ನೆಲ್ಲ ಕೈಗಾಡಿಯಲ್ಲಿ ಹಾಕಿ ಕಳಿಸಿದರು, ಮನೆ ಖಾಲಿಯಾದರೆ ಸಾಕಾಗಿತ್ತು ಅವರಿಗೆ. ರೇಷ್ಮೆಯದನ್ನು ಬಿಟ್ಟು ಹತ್ತಿಯದನ್ನೆಲ್ಲ ಹರಿದು, ಕೊಳೆಸಿ, ಅಮ್ಮನ ಕಾಲದ ಒರಳಿನಲ್ಲಿ ಕುಟ್ಟಿದೆವು. 'ಇದು ವರ್ತಕರ ಸಂಘದ್ದು, ಜೋರಾಗಿ ಕುಟ್ಟು' ಎನ್ನುತ್ತಿದ್ದರು ಕವಿಗಳು. ಆ ಗಂಜಿಯನ್ನು ಜರಡಿಯಲ್ಲಿ ಎತ್ತಿ, ಗೋಡೆಗೆ ಬಡಿದು ಒಣಗಿಸಿದರೆ ಹಾಳೆ. ಅಲ್ಲಲ್ಲಿ ಶಾಲಿನ ಕೆಂಪು ಅಂಚು ಹಾಗೇ ಉಳಿದು ಚೆನ್ನಾಗಿಯೇ ಕಾಣುತ್ತಿತ್ತು. ನಾನು ಬಳಪದ ಕಲ್ಲನ್ನು ರೊಟ್ಟಿಯಷ್ಟು ತೆಳ್ಳಗೆ ಕೊಯ್ದು ರಟ್ಟು ಮಾಡಿದೆ. ಮೊದಲ ಬಿದಿರು ಸಿಡಿದು ಕವಿಗಳ ಕನ್ನಡಕ ಮಾಡು ಸೇರಿತು. ಎರಡನೆಯದು ಇನ್ನೂ ಜೋರಾಗಿ ಸಿಡಿದು, ಕೊಟ್ಟಿಗೆ ಮುಂದೆ ಹೋಗುತ್ತಿದ್ದ ಪಂಪಣ್ಣ 'ಏನದು ಸದ್ದು?' ಎಂದು ಬಾಗಿಲು ತಟ್ಟಿದ. 'ಪದ್ಯ ಒದ್ದಾಡ್ತಿದೆ, ತೆಗೀಬೇಡಿ!' ಎಂದು ಕವಿಗಳು ಒಳಗಿಂದ ಕೂಗಿದರು. ಪಂಪಣ್ಣ ಹೊರಗೇ ಕೈಮುಗಿದು ಹೋದ. ನಾವಿಬ್ಬರೂ ಗಂಜಿಯ ಬಾನಿ ಹಿಡಿದುಕೊಂಡು ಸದ್ದಾಗದಂತೆ ನಕ್ಕು ನಕ್ಕು ಕೆಳಗೇ ಕೂತೆವು.

ನಡುನಡುವೆ ಅವರು ಹಾಳೆಗಳ ಮೇಲೆ ಪದ್ಯ ಬರೆಯುತ್ತಿದ್ದರು. ಈಗ ಹಾರುವ ಚಿಂತೆ ಇಲ್ಲದ್ದರಿಂದ ನಭ, ನಗಾರಿ ಎಲ್ಲ ಬಿಟ್ಟು ಕೈಗೆ ಸಿಕ್ಕಿದ್ದನ್ನು ಬರೆದರು. ನೀಲವ್ವನ ರಾಗಿರೊಟ್ಟಿಯ ಮೇಲೆ ಒಂದು, ನನ್ನ ಬೈಗುಳದ ಮೇಲೆ ಒಂದು, ಸಂತೆಯಲ್ಲಿ ಛತ್ರಿ ಮರೆತು ಬಂದದ್ದರ ಮೇಲೆ ಒಂದು. ಅವೂ ಏಳಲಿಲ್ಲ, ಸುಳ್ಳು ಯಾಕೆ ಹೇಳಲಿ. ಒಂದರ ಮೂಲೆ ಸ್ವಲ್ಪ ಎತ್ತಿತೆಂದು ಅವರು ಕುಣಿದರು. ನೋಡಿದರೆ ಕೆಳಗೆ ಜಿರಲೆ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಯಾವ ವಿಗ್ರಹ ಮಾಡಿದರೂ ಅದರ ಪೀಠದ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಕೆತ್ತಿದವನು ಒಂದು ನಿಜ ಕೆತ್ತಬೇಕು. ಮೇಲೆ ದಾನಿಗಳು ಹೇಳಿದ್ದನ್ನೆಲ್ಲ ಕೆತ್ತಿರುತ್ತೇವಲ್ಲ, ಅದಕ್ಕೆ ಸಮ ಮಾಡುವುದಕ್ಕೆ. ಊರ ನಡುವಿನ ಗಣಪತಿಯ ಅಡಿಯಲ್ಲಿ ಅಪ್ಪ 'ಎಡಗಿವಿ ಮುರಿದಿತ್ತು, ಅಂಟಿಸಿದ್ದೇನೆ' ಎಂದು ಕೆತ್ತಿದ್ದಾನೆ. ಇಷ್ಟು ದೊಡ್ಡ ಸುಳ್ಳನ್ನು ಕಟ್ಟಿ ಅಡಿಯಲ್ಲಿ ನಿಜ ಬರೆಯದಿದ್ದರೆ ನನ್ನ ಕೈಗೆ ಸಮಾಧಾನವಿಲ್ಲ. ಸಭೆಯ ದಿನ ಬೆಳಗ್ಗೆ ಎಲ್ಲ ಮುಗಿದ ಮೇಲೆ ಉಳಿ ತೆಗೆದುಕೊಂಡೆ. ಆದರೆ ಹಿಂದಿನ ರಟ್ಟು ಎಷ್ಟು ತೆಳ್ಳಗಿತ್ತೆಂದರೆ ಉಳಿ ತಾಗಿದರೆ ಎರಡು ಹೋಳು. ಸರಿ, ಕಡೆಯ ಖಾಲಿ ಹಾಳೆಯ ಮೇಲೆ ಕವಿಗಳ ಲೆಕ್ಕಣಿಕೆಯಿಂದಲೇ ಬರೆದೆ. ಬರೆದ ಮಗ್ಗುಲು ಕಾಣದಂತೆ ಅದನ್ನು ಮಗುಚಿ ರಟ್ಟಿನ ಒಳಮೈಗೆ ಅಂಟಿಸಬೇಕಿತ್ತು. ಅಷ್ಟರಲ್ಲಿ ಪುರಸಭೆಯ ಜೀಪು ಬಂದು ಹಾರನ್ ಬಾರಿಸಿತು. ಗಡಿಬಿಡಿಯಲ್ಲಿ ಬರಹ ಮೇಲಾಗಿ ಅಂಟಿಸಿ, ಶಾಯಿ ಹಸಿಯಿರುವಾಗಲೇ ಪುಸ್ತಕ ಮುಚ್ಚಿ ಕೊಂಡಿ ಹಾಕಿಬಿಟ್ಟೆ. ಬದುಕೆಲ್ಲ ಕಲ್ಲಿನ ಮೇಲೆ ಬರೆದವಳು ನಾನು. ಕಲ್ಲು ಹಾರುವುದಿಲ್ಲ. ಕಾಗದದ ವಿಷಯ ನನ್ನ ತಲೆಗೇ ಬರಲಿಲ್ಲ, ಕಾಗದದ ಮೇಲಿಡುವ ಕಲ್ಲನ್ನೇ ಮಾರಿ ಹೊಟ್ಟೆ ಹೊರೆದವಳಿಗೆ!

ಪುರಭವನ ಕಿಕ್ಕಿರಿದಿತ್ತು. ನೀಲವ್ವ ಮದುವೆ ಸೀರೆ ಉಟ್ಟು ಬಂದಿದ್ದರು. ಪುಸ್ತಕ ಎಲ್ಲಿ ಹಾರಿಬಿಡುತ್ತದೋ ಎಂದು ಪಂಪಣ್ಣ ಅದಕ್ಕೆ ನಾಯಿ ಸರಪಳಿ ಹಾಕಿ ವೇದಿಕೆಯ ಕಂಬಕ್ಕೆ ಬಿಗಿಸಿದ್ದ. ಕವಿಗಳೂ ನಾನೂ ಒಬ್ಬರ ಮುಖ ಒಬ್ಬರು ನೋಡದೆ ತುಟಿ ಕಚ್ಚಿಕೊಂಡು ನಿಂತಿದ್ದೆವು. ಭಾಷಣಗಳಾದವು, ಒಂದಾದ ಮೇಲೊಂದು. ಶಾಯಿ ಒಣಗಲು ಅಷ್ಟು ಹೊತ್ತು ಧಾರಾಳವಾಯಿತು. ಕೊನೆಗೆ ಪಂಪಣ್ಣ ಕೊಂಡಿ ತೆಗೆದ.

ಬಿದಿರು ನಾವು ಹೇಳಿಕೊಟ್ಟಂತೆಯೇ ನಡೆದುಕೊಂಡಿತು. ಹಾಳೆಗಳು ಭರ್ರನೆ ಎದ್ದವು. ಜನ ಹೋ ಎಂದರು. ಉದ್ದಾನಯ್ಯನವರು ಕೈಮುಗಿದು ಕಣ್ಣು ಮುಚ್ಚಿದರು. ಆಮೇಲೆ ಹಿಂದಿನ ರಟ್ಟು ನಡುಗಿತು. ಅದು ನಮ್ಮ ಲೆಕ್ಕದಲ್ಲಿರಲಿಲ್ಲ. ಕಲ್ಲಿನ ರಟ್ಟು ಮೇಜಿನಿಂದ ಮೆಲ್ಲಗೆ ಎದ್ದಿತು, ಅದರ ಹಿಂದೆ ಇಡೀ ಪುಸ್ತಕ ಎದ್ದಿತು. ರಟ್ಟೆರಡೂ ಮೇಲಾಗಿ, ಹಾಳೆಗಳು ಕೆಳಗೆ ಜೋತು, ಸರಪಳಿ ಬಿಗಿಯುವವರೆಗೂ ಏರಿ ಜನರ ತಲೆಯ ಮೇಲೆ ನಿಂತಿತು. ಬೆನ್ನಿನಿಂದ ಬಿದಿರ ಕಡ್ಡಿಗಳು ಒಂದೊಂದಾಗಿ ಪಂಪಣ್ಣನ ತಲೆಯ ಮೇಲೆ ಉದುರಿದವು. ಮುಂದಿನ ಸಾಲಿನಲ್ಲಿದ್ದ ಮಸ್ತಾನ ಸಾಹೇಬರು ಕತ್ತೆತ್ತಿ, ಕಡೆಯ ಹಾಳೆಯಲ್ಲಿದ್ದದ್ದನ್ನು ದೊಡ್ಡ ದನಿಯಲ್ಲಿ ಓದಿದರು.

'ಈ ಹಾಳೆಗಳನ್ನು ಏಳಿಸುತ್ತಿರುವುದು ನಾನಿಟ್ಟ ಬಿದಿರು. ಕವಿಗಳಿಗೆ ಹಾರಿಸಲು ಬಾರದು, ನನಗೆ ಬರೆಯಲು ಬಾರದು. ಆದರೂ ಈ ಮಳೆಗಾಲ ಇಬ್ಬರೂ ಎಷ್ಟು ನಕ್ಕೆವೆಂದರೆ, ಅದನ್ನು ಎಲ್ಲಿಡುವುದೆಂದು ತಿಳಿಯದೆ ಇಲ್ಲಿ ಇಟ್ಟಿದ್ದೇನೆ. ಕಟ್ಟಿದವಳು ಮೌನಮ್ಮ.'

ನನ್ನನ್ನು ನಂಬಿ ಬಂದವರ ಮಾನವನ್ನು ನಾನೇ ಸರಪಳಿ ಕಟ್ಟಿ ಗಾಳಿಗೆ ತೂರಿದ್ದೆ. ಉದ್ದಾನಯ್ಯನವರು ಕಣ್ಣು ತೆರೆದರು. ಮೇಲೆ ನೋಡಿದರು. ಅವರ ಮುಖದಲ್ಲಿ ನಾನು ಕಾದಿದ್ದದ್ದು ಬರಲಿಲ್ಲ. ಅರವತ್ತಾದ ಆ ಮನುಷ್ಯ ಕುರ್ಚಿ ಹತ್ತಿದರು, ಸಾಲದೆ ಮೇಜು ಹತ್ತಿದರು, ಎರಡೂ ಕೈ ಚಾಚಿ ಎಗರಿ ಎಗರಿ ಆ ಹಾಳೆಯನ್ನು ಮುಟ್ಟಲು ನೋಡಿದರು. 'ಹಾರ್ತು! ನೀಲೂ, ನೋಡೇ ಇಲ್ಲಿ, ಹಾರ್ತು! ಹಿಂಗಿರುತ್ತೆ ಕಣೇ ಅದು!' ಜೀವಮಾನವಿಡೀ ಹಾರಿದ್ದನ್ನು ಕಂಡೆ ಕಂಡೆ ಎಂದು ಹೇಳಿಕೊಂಡು ಬಂದವರು ಆವತ್ತೇ ಮೊದಲು ಕಂಡದ್ದು. ನೀಲವ್ವ ಮಾತ್ರ ಮೇಲೆ ನೋಡಲಿಲ್ಲ, ಗಂಡನನ್ನೇ ನೋಡುತ್ತ ನಿಂತಿದ್ದರು.

ಆ ಖುಷಿ ಮೇಜಿನಿಂದ ಇಳಿಯುವವರೆಗೆ ಮಾತ್ರ. ಇಳಿದ ಮೇಲೆ ಊರು ಕಾದಿತ್ತು. ಕೆಲವರು ನಕ್ಕರು, ಕೆಲವರು ಶಾಲು ವಾಪಸು ಕೇಳಿದರು, ಅವೆಲ್ಲ ಪುಸ್ತಕವಾಗಿವೆ ಎಂದರೆ ಇನ್ನೂ ಸಿಟ್ಟಾದರು. ಮದುವೆ ಮನೆಗಳಿಂದ ಅವರಿಗೆ ಕರೆ ನಿಂತಿತು. ಬೀದಿಯಲ್ಲಿ ಹೋದರೆ ಹಿಂದಿನಿಂದ ಯಾರಾದರೂ 'ಕೆರೆ ದಾಟ್ತಾ?' ಎನ್ನುತ್ತಿದ್ದರು. ಅವರು ಹೊರಗೆ ಬರುವುದನ್ನೇ ಬಿಟ್ಟರು. ನಾನು ಹೋಗಿ ಬಾಗಿಲು ತಟ್ಟಿದರೆ ನೀಲವ್ವ 'ಮಲಗಿದಾರೆ' ಎನ್ನುತ್ತಿದ್ದರು, ಒಳಗೆ ಅವರ ಕೆಮ್ಮು ಕೇಳಿಸುತ್ತಿತ್ತು. ಊರಿಗೆ ಈಗ ನಾನು ಕವಿ. ಮಗುವಿನ ನಾಮಕರಣಕ್ಕೆ ನಾಲ್ಕು ಸಾಲು ಬರೆದುಕೊಡು ಎಂದು ಬಂದರು. ಬರೆದೆ. ಹಾಳೆ ಇಟ್ಟಲ್ಲೇ ಕೂತಿತು, ಬೆನ್ನು ಕೊಟ್ಟು ಕೂತ ಹೆಂಡತಿಯ ಹಾಗೆ. ಎಷ್ಟು ತಿಣುಕಿದರೂ ಆಮೇಲೆ ನನ್ನದೊಂದೂ ಏಳಲಿಲ್ಲ. ಅದರ ಎದುರಿಗೆ ಇಡೀ ದಿನ ಕೂರುವುದು ಏನೆಂದು ನನಗೆ ತಿಳಿಯಿತು, ಆಗ ಆ ಕೆಮ್ಮು ಕೇಳಿಸುತ್ತಿದ್ದ ಮನೆಯ ಕಡೆ ಮನಸ್ಸು ಇನ್ನೂ ಎಳೆಯಿತು.

ಅಷ್ಟರಲ್ಲಿ ಪಂಪಣ್ಣ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. ಪುಸ್ತಕವನ್ನು ಪುರಭವನದಲ್ಲೇ ಇಟ್ಟಿದ್ದರು, ಅಂದರೆ ಸರಪಳಿ ಗಿಡ್ಡ ಮಾಡಿ ಕಟ್ಟಿದ್ದರು, ಅದು ಅಲ್ಲೇ ತಲೆಗಿಂತ ತುಸು ಮೇಲೆ ತೇಲಿಕೊಂಡಿತ್ತು. ನೋಡಲು ಜನ ಬರುತ್ತಿದ್ದರು, ಪಕ್ಕದೂರಿನವರೂ ಬರುತ್ತಿದ್ದರು. 'ಮುಂದಿನ ರಟ್ಟಿನ ಮೇಲೆ ಆ ಉದ್ದಾನಯ್ಯನ ಹೆಸರು ಇಷ್ಟು ದಪ್ಪ ಉಬ್ಬು ಅಕ್ಷರದಲ್ಲಿ ಕೆತ್ತಿದೀಯಲ್ಲ, ಅದನ್ನ ಹೊಡೆದು ತೆಗೆದು ನಿನ್ನ ಹೆಸರು ಹಾಕು' ಎಂದ.

'ಓಹೋ, ಅದಕ್ಕೇನಂತೆ' ಎಂದೆ. 'ಉಬ್ಬಿದ್ದನ್ನ ಹೊಡೆದರೆ ಅಷ್ಟು ಕಲ್ಲು ಕಮ್ಮಿ ಆಗುತ್ತೆ. ಪುಸ್ತಕ ಹಗುರಾಗುತ್ತೆ. ಈಗಲೇ ಸರಪಳಿ ಕಿರುಗುಟ್ಟುತ್ತಿದೆ, ಕೇಳಿಸಿಕೊಂಡಿದ್ದೀರೋ ಇಲ್ಲವೋ. ಆಮೇಲೆ ಕಂಬ ಸಮೇತ ಹೋದರೆ ನಾನು ಜವಾಬ್ದಾರಳಲ್ಲ. ಕಂಬದ ಮೇಲೆ ಉದ್ಘಾಟನೆ ಮಾಡಿದವರದೂ ಒಂದು ಹೆಸರಿದೆ ಅನ್ಸುತ್ತೆ.' ಆ ಹೆಸರು ಪಂಪಣ್ಣನದೇ. ಅವನು ಜೊತೆಗಿದ್ದವರನ್ನು ನೋಡಿದ. ಅವರು ಕಲ್ಲಿನ ವಿಷಯ ಕಲ್ಲಿನವಳಿಗೇ ಗೊತ್ತು ಎಂದು ತಲೆಯಾಡಿಸಿದರು. ಹೆಸರು ಉಳಿಯಿತು. ನಿಜವಾಗಲೂ ಹಗುರಾಗುತ್ತಿತ್ತೋ ಇಲ್ಲವೋ, ನನ್ನನ್ನು ಕೇಳಬೇಡಿ.

ಈ ಸುದ್ದಿಯನ್ನು ಕವಿಗಳಿಗೆ ಮುಟ್ಟಿಸುವುದು ಹೇಗೆಂದು ಯೋಚಿಸುತ್ತ ಒಂದು ಬೆಳಗ್ಗೆ ನಾಯಿಯ ಬಾಲ ಕೆತ್ತುತ್ತಿದ್ದೆ. ಬಾಗಿಲು ಧಡಾರನೆ ತೆರೆಯಿತು. ಉದ್ದಾನಯ್ಯನವರು ಏದುಸಿರು ಬಿಡುತ್ತ ನಿಂತಿದ್ದಾರೆ, ಕೈಯಲ್ಲಿ ಮೆಂತ್ಯದ ಕಟ್ಟು, ಕಣ್ಣು ಕೆಂಪಾಗಿದೆ. ಯಾರೋ ಹೊಡೆದರೇನೋ ಎಂದು ಉಳಿ ಬಿಟ್ಟು ಎದ್ದೆ. 'ಏನಾಯ್ತು ಕವಿಗಳೇ?'

'ಸೊಪ್ಪಿನ ಹನುಮಕ್ಕ ಬೈದಳು' ಎಂದರು.

'ಏನಂತ?'

'ನೀಲು ಬಲವಂತ ಮಾಡಿ ಸೊಪ್ಪು ತರೋಕೆ ಕಳಿಸಿದಳು. ತಲೆ ತಗ್ಗಿಸಿಕೊಂಡು ಹೋಗ್ತಿದ್ದೆ. ಹನುಮಕ್ಕ ಬುಟ್ಟಿ ಇಳಿಸಿ ನಡುಬೀದೀಲಿ ಅಡ್ಡ ಹಾಕಿದಳು. ಏನಯ್ಯ, ರಾಗಿರೊಟ್ಟೀನ ಯಾರಾದ್ರೂ ಲಟ್ಟಿಸ್ತಾರಾ, ಲಟ್ಟಣಿಗೆ ಮುಟ್ಟಿಸಿದರೆ ಮುರಿದು ಹೋಗಲ್ವಾ, ತಟ್ಟಬೇಕು ಕಣಯ್ಯ ತಟ್ಟಬೇಕು, ಅದೆಂಥ ಪದ್ಯ ಬರೆದಿದೀಯ ನೀನು, ಅಂತ ಮುಖಕ್ಕೆ ಹೊಡೆದ ಹಾಗೆ ಕೇಳಿದಳು.'

ನನಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಪುಸ್ತಕ ನೋಡಲು ಹೋದವರು ಮೇಲಿದ್ದ ನನ್ನ ಹಾಳೆಯನ್ನು ನೋಡಿ ಮುಗಿಸಿದ ಮೇಲೆ, ಸಾಲು ಮುಂದಕ್ಕೆ ಸರಿಯುವವರೆಗೆ ಏನು ಮಾಡಬೇಕು? ಕವಿಗಳ ಹಾಳೆಗಳು ಸರಿಯಾಗಿ ಮೂಗಿನ ಮಟ್ಟಕ್ಕೆ ಜೋತುಕೊಂಡಿವೆ. ಒಂದಿಷ್ಟೂ ಅಲ್ಲಾಡುವುದಿಲ್ಲ, ಅಕ್ಷರ ಸ್ಪಷ್ಟ. ಓದುತ್ತಾರೆ, ಇನ್ನೇನು ಮಾಡುತ್ತಾರೆ!

'ಇಷ್ಟು ವರ್ಷ ಎಲ್ಲರೂ ನನ್ನನ್ನ ಹೊಗಳಿದರು ಮೌನಮ್ಮ' ಎಂದರು ಉದ್ದಾನಯ್ಯನವರು. 'ಇವತ್ತು ಒಬ್ಬಳು ಓದಿದಾಳೆ.'

ನನಗೆ ಅಳು ಬಂತು, ನಾಚಿಕೆ ಯಾಕೆ. ಸೆರಗಿನ ತುದಿಯಲ್ಲಿ ಮೂಗೊರೆಸಿಕೊಂಡೆ, ಕಲ್ಲುಪುಡಿ ಮೆತ್ತಿಕೊಂಡಿತು. ಅವರು ಆಗಲೇ ನನ್ನ ಮಣೆಯ ಮೇಲಿದ್ದ ಲೆಕ್ಕಣಿಕೆ, ಶಾಯಿ ಕುಡಿಕೆ ಎತ್ತಿಕೊಂಡಿದ್ದರು. ಪುರಭವನಕ್ಕೆ ಹೋಗಿ ರೊಟ್ಟಿಯನ್ನು ತಿದ್ದಬೇಕಂತೆ, ಹನುಮಕ್ಕ ಸಂಜೆ ಮತ್ತೆ ಬಂದು ನೋಡುತ್ತೇನೆ ಅಂದಿದ್ದಾಳಂತೆ.

'ನಿಧಾನ ಕವಿಗಳೇ' ಎಂದೆ. 'ತಿದ್ದಿದ ಮೇಲೆ ಅದು ಎಲ್ಲಾದ್ರೂ ಹಾರಿಬಿಟ್ಟರೆ?'

ಅವರು ಹೊಸ್ತಿಲಲ್ಲಿ ನಿಂತರು. ನಾನು ತಮಾಷೆಗೆ ಕೇಳಿದ್ದೆ, ಅವರು ನಿಜವಾಗಿ ಯೋಚಿಸಿದರು. ಮುಖದಲ್ಲಿ ಗಾಬರಿಯೂ ಕಂಡಿತು. 'ಹಾರಿದರೆ ಹನುಮಕ್ಕನ ಕೈಗೆ ಸಿಗಲ್ಲವಲ್ಲ' ಎಂದರು. ಆಮೇಲೆ ಮೆಂತ್ಯದ ಕಟ್ಟನ್ನು ಬಗಲಿಗೆ ಸಿಕ್ಕಿಸಿಕೊಂಡು ನಕ್ಕರು. 'ಹಾರದ ಹಾಗೇ ತಿದ್ದುತೀನಿ ಬಿಡು. ಅದೊಂದು ವಿದ್ಯೆ ನನಗೆ ಚೆನ್ನಾಗಿ ಬರುತ್ತೆ' ಎಂದು ದಡದಡ ಪುರಭವನದ ಕಡೆ ನಡೆದರು.